ಮೂರನೇ ಕಮಾನಿನ ಸದ್ದು

ರೈಲ್ವೆ ಸೇತುವೆಗಳ ತನಿಖಾ ಕಚೇರಿಯಲ್ಲಿ ಅವನಿಗೆ ಟಣ್ಣಪ್ಪ ಎಂದು ಹೆಸರು ಬಿದ್ದು ಇಪ್ಪತ್ತು ವರ್ಷವಾಗಿತ್ತು. ಎದುರಿಗೆ ‘ಸಾರ್’, ಬೆನ್ನು ತಿರುಗಿದರೆ ‘ಟಣ್ಣಪ್ಪ’. ಅದು ಅವನಿಗೆ ಗೊತ್ತಿಲ್ಲದೆ ಇರಲಿಲ್ಲ. ಒಳಗೊಳಗೆ ಒಂದಿಷ್ಟು ಹೆಮ್ಮೆಯೇ ಇತ್ತು. ಕಾಂಕ್ರೀಟಿನ ಮೇಲೆ ಸಣ್ಣ ಸುತ್ತಿಗೆಯಿಂದ ಬಡಿದು, ಬಂದ ಸದ್ದಿನಿಂದಲೇ ಅದರ ಒಳಗಿನ ಹಣೆಬರಹ ಹೇಳುವುದು ಅವನ ಕಸುಬು. ಟಣ್ ಎಂದರೆ ಗಟ್ಟಿ. ಡಬ್ ಎಂದರೆ ಒಳಗೆ ಪೊಳ್ಳು. ಹೊಸ ಹೊಸ ಯಂತ್ರಗಳು ಬೇಕಾದಷ್ಟು ಬಂದಿದ್ದವು. ಆದರೂ ಕಚೇರಿಯ ಮುಖ್ಯ ಇಂಜಿನಿಯರರಾದ ದೊಡ್ಡ ಸಾಹೇಬರು, “ಯಂತ್ರ ಆಮೇಲೆ ನೋಡೋಣ, ಮೊದಲು ಇವರು ಬಡಿದು ಬರಲಿ” ಎನ್ನುತ್ತಿದ್ದರು.

ವಯಸ್ಸು ಐವತ್ತೊಂಬತ್ತು. ಹೆಂಡತಿ ತೀರಿಕೊಂಡು ಐದು ವರ್ಷ. ಮಕ್ಕಳಿರಲಿಲ್ಲ. ಮೂರನೇ ಮಹಡಿಯ ಎರಡು ಕೋಣೆಯ ಆ ಮನೆಯಲ್ಲಿ ಮಾತೆಲ್ಲ ಅವಳದೇ ಆಗಿತ್ತು. ಅವನದು ಊಂಗುಟ್ಟುವ ಕೆಲಸ. ಅವಳು ಹೋದಮೇಲೆ ಊಂಗುಟ್ಟುವುದಕ್ಕೂ ಏನೂ ಉಳಿಯಲಿಲ್ಲ. ಸಂಜೆ ಬೀಗ ತೆಗೆದು ಒಳಗೆ ಹೋದವನು ಬೆಳಿಗ್ಗೆ ಬೀಗ ಹಾಕುವವರೆಗೆ ಬಾಯಿ ತೆರೆಯುತ್ತಿದ್ದದ್ದು ತುತ್ತಿಗೆ ಮತ್ತು ಆಕಳಿಕೆಗೆ ಮಾತ್ರ. ಭಾನುವಾರ ತಂಗಿ ಫೋನ್ ಮಾಡುತ್ತಿದ್ದಳು.

“ಅಣ್ಣಾ, ಯಾಕೆ ಹೀಗೆ ಕಿರುಚ್ತೀಯಾ? ನಾನೇನು ಕಿವುಡಿಯಾ?”

“ಲೈನ್ ಸರಿಯಿಲ್ಲ ಕಣೇ. ನಿನ್ನ ಮಾತು ಅರ್ಧ ಬರ್ತಿಲ್ಲ.”

ಎರಡು ವರ್ಷದಿಂದ ಲೈನ್ ಸರಿಯಿರಲಿಲ್ಲ.

ಕಚೇರಿಯ ನೆಲಮಾಳಿಗೆಯಲ್ಲಿ ಹಳೇ ನಕ್ಷೆಗಳ ಕೋಣೆ. ಅದನ್ನು ನೋಡಿಕೊಳ್ಳುತ್ತಿದ್ದವಳಿಗೆ ಎಲ್ಲರ ಬಾಯಲ್ಲೂ ನಕ್ಷೆಯಕ್ಕ ಎಂದೇ ಹೆಸರು. ನಿವೃತ್ತಿಗೆ ವರ್ಷವೂ ಉಳಿದಿರಲಿಲ್ಲ, ಆದರೂ ಯಾವ ಸೇತುವೆಯ ಯಾವ ಹಾಳೆ ಯಾವ ಗೂಡಿನಲ್ಲಿದೆ ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದಳು. ಹೆಂಡತಿ ಹೋದ ಮೇಲೆ ಟಣ್ಣಪ್ಪ ಮಧ್ಯಾಹ್ನದ ಡಬ್ಬಿಯನ್ನು ಅಲ್ಲಿಗೇ ಒಯ್ಯತೊಡಗಿದ್ದ. ಅವಳು ಮಾತಾಡುತ್ತಿದ್ದಳು, ಅವನು ತಲೆಯಾಡಿಸುತ್ತಿದ್ದ. ದಿನದಲ್ಲಿ ಅವನ ಪಾಲಿಗಿದ್ದ ಮಾತುಕತೆ ಅದೊಂದೇ. ಆದರೆ ಹೋದ ವರ್ಷ, ಒಂದು ದಿನ ಇದ್ದಕ್ಕಿದ್ದಂತೆ ಅವಳು ಬಾಯಿಗೆ ಬೀಗ ಹಾಕಿಕೊಂಡಳು. ಕೇಳಿದ ಹಾಳೆ ಕೊಡುವುದು, ಪುಸ್ತಕದಲ್ಲಿ ಸಹಿ ಹಾಕಿಸಿಕೊಳ್ಳುವುದು, ಅಷ್ಟೇ. ಮುಖ ಕೊಟ್ಟು ನೋಡುತ್ತಲೂ ಇರಲಿಲ್ಲ. ನಾನೇನು ತಪ್ಪು ಮಾಡಿದೆ ಎಂದು ಅವನು ತಲೆ ಕೆರೆದುಕೊಂಡ. ಕೇಳಲು ಬಾಯಿ ಬರಲಿಲ್ಲ. ಮೂರು ದಿನ ಸುಮ್ಮನೆ ಎದುರು ಕುಳಿತು ತಿಂದ, ನಾಲ್ಕನೇ ದಿನ ಡಬ್ಬಿಯನ್ನು ತನ್ನ ಮೇಜಿನ ಮೇಲೇ ಬಿಚ್ಚಿದ. ಯಾಕೆಂದು ಯಾರೂ ಕೇಳಲಿಲ್ಲ.

ಹೀಗಿರುವಾಗ ಊರ ಹೊರಗಿನ ಐದು ಕಮಾನಿನ ಸೇತುವೆಯ ಕಡತ ಅವನ ಮೇಜಿಗೆ ಬಂತು.

ತೊಂಬತ್ತನಾಲ್ಕು ವರ್ಷದ ಕಾಂಕ್ರೀಟು ಸೇತುವೆ ಅದು. ನದಿಯ ಈ ದಡದಿಂದ ಆ ದಡಕ್ಕೆ ಐದು ಹೆಜ್ಜೆ ಇಟ್ಟು ದಾಟಿದಂತೆ ಐದು ಕಮಾನು. ಕಮಾನುಗಳ ಒಳಗೆ ಕಬ್ಬಿಣದ ಸರಳು ಹುಡುಕಿದರೂ ಹೆಚ್ಚು ಸಿಗುವುದಿಲ್ಲ. ಮೇಲೆ ಹೋಗುವ ರೈಲಿನ ಭಾರವೆಲ್ಲ ಕಮಾನಿನ ಬಾಗಿನಲ್ಲಿ ಇಳಿದು ಎರಡೂ ಪಕ್ಕದ ಕಂಬಗಳನ್ನು ಒತ್ತುತ್ತದೆ, ಆ ಒತ್ತಿನಲ್ಲೇ ಸೇತುವೆ ನಿಂತಿದೆ. ಆ ಕಾಲದಲ್ಲಿ ಕಾಂಕ್ರೀಟೆಂದರೆ ಜನ ಮೂಗು ಮುರಿಯುತ್ತಿದ್ದರಂತೆ. ಕಲ್ಲಲ್ಲ, ಕಬ್ಬಿಣವಲ್ಲ, ಈ ಗಂಜಿಯ ಮೇಲೆ ರೈಲು ಹೋಗುತ್ತದೆಯೇ ಎಂದು. ಹೋಯಿತು, ಇಂದಿಗೂ ಹೋಗುತ್ತಿತ್ತು. ಕಮಾನಿನ ಹೊಟ್ಟೆಯ ಕೆಳಗೆ ನಿಂತು ನೋಡಿದರೆ ಕಾಂಕ್ರೀಟು ಸುರಿಯಲು ಕಟ್ಟಿದ್ದ ಸೆಂಟ್ರಿಂಗ್ ಹಲಗೆಗಳ ಗುರುತು, ಮರದ ಗಂಟು, ನಾರು, ಮೊಳೆಯ ತಲೆ, ಎಲ್ಲ ಅಚ್ಚೊತ್ತಿದಂತೆ ಕಾಣುತ್ತಿತ್ತು. ಹಲಗೆಗಳು ಎಂದೋ ಸೌದೆಯಾಗಿ ಉರಿದುಹೋಗಿರಬೇಕು, ಗುರುತು ಮಾತ್ರ ಉಳಿದಿತ್ತು.

ಈಗ ಮೂರನೇ ಕಮಾನಿನಲ್ಲಿ ಅಡ್ಡಡ್ಡ ಗೆರೆಗಳು ಕಾಣಿಸಿಕೊಂಡಿದ್ದವು. ಗೆರೆಗಳಿಂದ ಬಿಳಿಯ ಸುಣ್ಣದಂಥದು ಒಸರಿ ಇಳಿದಿತ್ತು. ದೂರದಿಂದ ಚಿತ್ರ ತೆಗೆದವರು ಬಿರುಕು ಎಂದು ಬರೆದಿದ್ದರು. ಕೆಡವಿ ಉಕ್ಕಿನ ತೊಲೆಯ ಸೇತುವೆ ಹಾಕುವುದೇ ವಾಸಿ ಎಂಬ ಮಾತು ಎದ್ದಿತ್ತು.

“ಎರಡು ವಾರದಲ್ಲಿ ಹೇಳಿ. ಇರಬೇಕೋ ಹೋಗಬೇಕೋ?” ಎಂದರು ದೊಡ್ಡ ಸಾಹೇಬರು.

ಮೊದಲ ಎರಡು ಕಮಾನುಗಳು ಒಣ ನೆಲದ ಮೇಲಿದ್ದವು. ಏಣಿ ಹಾಕಿ, ಕೆನ್ನೆ ತಾಗುವಷ್ಟು ಹತ್ತಿರ ಹೋಗಿ ಬಡಿದ. ಗಟ್ಟಿ. ಮೂರನೆಯದು ನದಿಯ ನಡುವೆ. ಕೆಳಗೆ ನೀರು ಬಂಡೆಗಳಿಗೆ ಬಡಿದು ಭೋರೆನ್ನುತ್ತಿತ್ತು. ಮೇಲಿನಿಂದ ಹಗ್ಗದಲ್ಲಿ ಇಳಿಬಿಟ್ಟ ತೊಟ್ಟಿಲಲ್ಲಿ ಕುಳಿತು, ಕೈ ಚಾಚಿ ಬಡಿಯಬೇಕು. ಹಳಿಯ ಮೇಲೆ ಬಾವುಟ ಹಿಡಿದ ಕಾವಲುಗಾರನೊಬ್ಬ; ರೈಲು ಬಂದಾಗ ಅವನು ಸೀಟಿ ಊದಬೇಕು, ಇವನು ಕೆಲಸ ನಿಲ್ಲಿಸಬೇಕು. ಐದು ದಿನ ಬಡಿದ. ಬಡಿದಲ್ಲೆಲ್ಲ ಸದ್ದು ಮಂಕು. ಟಣ್ ಎನ್ನುವ ಆ ಚೂಪು, ಆ ಕೊನೆಯ ಝೇಂಕಾರ, ಎಲ್ಲೂ ಇರಲಿಲ್ಲ. ಪೊಳ್ಳು ಕಂಡಲ್ಲಿ ಸೀಮೆಸುಣ್ಣದಿಂದ ಸೊನ್ನೆ ಬರೆಯುವುದು ವಾಡಿಕೆ. ಐದನೇ ದಿನ ಕಮಾನಿನ ಒಂದು ಪಕ್ಕವೆಲ್ಲ ಸೊನ್ನೆಯೋ ಸೊನ್ನೆ.

ಅಷ್ಟು ಪೊಳ್ಳನ್ನು ಅವನು ಜೀವನದಲ್ಲೇ ಕಂಡಿರಲಿಲ್ಲ. ಮನಸ್ಸಿಗೆ ಕಸಿವಿಸಿಯಾಯಿತು. ಆದರೆ ಕಣ್ಣೆದುರೇ ಗೆರೆಗಳಿದ್ದವು, ಬಿಳಿ ಒಸರು ಇತ್ತು. ಕಿವಿಯೂ ಅದನ್ನೇ ಹೇಳುತ್ತಿದೆ ಎಂದುಕೊಂಡ. ‘ಮೂರನೇ ಕಮಾನು ದುರಸ್ತಿಗೆ ಮೀರಿದ್ದು. ಸೇತುವೆಯನ್ನು ಉಳಿಸಿಕೊಳ್ಳುವುದು ಕ್ಷೇಮವಲ್ಲ’ ಎಂದು ಬರೆದು ಸಹಿ ಹಾಕಿದ. ವರದಿ ಮೇಲಕ್ಕೆ ಹೋಯಿತು. ಅದರ ಒಂದು ಪ್ರತಿ ಎಂದಿನಂತೆ ನೆಲಮಾಳಿಗೆಗೂ ಇಳಿಯಿತು.

ಒಂದು ವಾರದ ಮೇಲೆ ಇನ್ನಷ್ಟು ಚಿತ್ರಗಳು ಬೇಕೆಂದು ಮೇಲಿನಿಂದ ಆದೇಶ ಬಂತು. ಬೆಳಿಗ್ಗೆ ಕಾವಲುಗಾರನೊಂದಿಗೆ ಸೇತುವೆಗೆ ಹೋದ. ಎರಡನೇ ಕಂಬದ ಒಡಲಲ್ಲಿ ಕಬ್ಬಿಣದ ಮೆಟ್ಟಿಲುಗಳಿದ್ದವು. ಇಳಿದರೆ ಮೂರನೇ ಕಮಾನು ಕಂಬದಿಂದ ಹೊರಡುವ ಜಾಗದಲ್ಲಿ ನಾಲ್ಕು ಜನ ನಿಲ್ಲುವಷ್ಟು ಒಂದು ಕಟ್ಟೆ. ಅಲ್ಲಿ ನಿಂತು ಚಿತ್ರ ತೆಗೆಯುತ್ತಿದ್ದಾಗ ಯಾರೋ ಭುಜ ಮುಟ್ಟಿದರು. ಬೆಚ್ಚಿ ತಿರುಗಿದರೆ ನಕ್ಷೆಯಕ್ಕ. ಏದುಸಿರು ಬಿಡುತ್ತಿದ್ದಳು. ಕಂಕುಳಲ್ಲಿ ಉದ್ದನೆಯ ತಗಡಿನ ಕೊಳವೆ.

“ಮೇಲಿಂದ ಹತ್ತು ಸಲ ಕೂಗಿದೆ!” ಎಂದಳು, ಅವನ ಮುಖದ ಹತ್ತಿರವೇ. “ತಿರುಗೂ ನೋಡಲಿಲ್ಲ. ಇರಲಿ, ನನ್ನ ಮೇಲಿನ ಕೋಪ ಆಮೇಲೆ ತೀರಿಸಿಕೊಳ್ಳಿ. ಮೊದಲು ಇದನ್ನ ನೋಡಿ.”

ಕೊಳವೆಯಿಂದ ನೀಲಿ ಹಾಳೆಯೊಂದನ್ನು ತೆಗೆದು ಕಟ್ಟೆಯ ಮೇಲೆ ಹಾಸಿ, ನಾಲ್ಕು ಮೂಲೆಗೂ ಕಲ್ಲು ಇಟ್ಟಳು. ಸೇತುವೆ ಕಟ್ಟಿದವನೇ ಬರೆದ ಹಾಳೆ. ಮೂರನೇ ಕಮಾನನ್ನು ಒಂಬತ್ತು ತುಂಡಾಗಿ ವಿಂಗಡಿಸಿ, ಒಂದೊಂದಕ್ಕೂ ಅಂಕಿ ಹಾಕಿದ್ದ. ಅಂಕಿಗಳು ಸಾಲಾಗಿರಲಿಲ್ಲ: ಒಂದು ಈ ಬುಡದಲ್ಲಿ, ಎರಡು ಆ ಬುಡದಲ್ಲಿ, ಮೂರು ನೆತ್ತಿಯಲ್ಲಿ.

“ಇವು ಬಿರುಕಲ್ಲ ಸಾರ್. ಕಾಂಕ್ರೀಟು ಒಟ್ಟಿಗೆ ಸುರಿದರೆ ಒಣಗುವಾಗ ಎಳೆದುಕೊಂಡು ಒಡೆಯುತ್ತೆ ಅಂತ ಆ ಪುಣ್ಯಾತ್ಮ ತುಂಡು ತುಂಡಾಗಿ ಸುರಿಸಿದ್ದಾನೆ, ಈ ಕಡೆ ಒಂದು, ಆ ಕಡೆ ಒಂದು, ತಕ್ಕಡಿ ತೂಗಿದ ಹಾಗೆ. ನೀವು ಬಿರುಕು ಅಂದಿರೋದು ತುಂಡುಗಳು ಕೂಡೋ ಜಾಗ. ತೊಂಬತ್ತನಾಲ್ಕು ವರ್ಷದ ಹಿಂದೆ ಯಾರಿಗೆ ಹೊಳೀತಿತ್ತು ಇದು?”

ಟಣ್ಣಪ್ಪ ಹಾಳೆಯನ್ನೂ ಕಮಾನನ್ನೂ ಹೋಲಿಸಿ ನೋಡಿದ. ಎಲ್ಲಿ ಗೆರೆ ಇದ್ದವೋ ಅಲ್ಲೇ ಹಾಳೆಯಲ್ಲೂ ಗೆರೆ. ಒಂದಂಗುಲವೂ ಆಚೀಚೆ ಇಲ್ಲ.

“ಗೆರೆ ಸರಿ,” ಎಂದ. “ಆದ್ರೆ ಒಳಗೆ ಪೊಳ್ಳಿದೆಯಲ್ಲ. ನಾನೇ ಬಡಿದು ನೋಡಿದ್ದೀನಿ.”

“ಬಡೀರಿ ನೋಡೋಣ.”

ಸೀಮೆಸುಣ್ಣದ ಸೊನ್ನೆಯೊಂದರ ನಟ್ಟನಡುವೆ ಬಡಿದ. “ಕೇಳಿಸಿತಾ? ಡಬ್.”

ಅವಳು ಅವನನ್ನೇ ನೋಡಿದಳು. ಹುಬ್ಬು ಗಂಟಿಕ್ಕಿತು. ಸುತ್ತಿಗೆಯನ್ನು ಅವನ ಕೈಯಿಂದ ತೆಗೆದುಕೊಂಡು ತಾನೇ ಬಡಿದಳು. ಇನ್ನೊಂದು ಸೊನ್ನೆಗೆ ಬಡಿದಳು. ಮತ್ತೊಂದಕ್ಕೆ.

“ಸಾರ್,” ಎಂದಳು ಕೊನೆಗೆ, “ಇದು ಗಂಟೆ ಹೊಡೆದ ಹಾಗಿದೆ.”

“ತಮಾಷೆ ಮಾಡಬೇಡಿ.”

“ತಮಾಷೆ ಮಾಡೋಕೆ ಇಷ್ಟು ಮೆಟ್ಟಿಲು ಇಳಿದು ಬರ್ತೀನಾ ಈ ವಯಸ್ಸಲ್ಲಿ?” ಅವಳು ಮೇಲೆ ಬಾಗಿ ನೋಡುತ್ತಿದ್ದ ಕಾವಲುಗಾರನನ್ನು ಕರೆದಳು. “ಏನಪ್ಪಾ, ನಿನಗೆ ಹೇಗೆ ಕೇಳಿಸ್ತು?”

“ಟಣ್ ಅಂತು ಅಕ್ಕಾ,” ಎಂದು ಅವನು ಕೂಗಿದ. ಅದನ್ನು ಅವಳೇ ಟಣ್ಣಪ್ಪನಿಗೆ ದಾಟಿಸಬೇಕಾಯಿತು. ಕಾವಲುಗಾರ ಸ್ವಲ್ಪ ಹಿಂಜರಿದು ಇನ್ನೊಂದು ಮಾತು ಸೇರಿಸಿದ: ಬಡಿದ ಆ ಐದು ದಿನವೂ ರೈಲು ಬಂದಾಗಲೆಲ್ಲ ನಾಲ್ಕು ನಾಲ್ಕು ಸಲ ಸೀಟಿ ಊದಿದರೂ ಸಾರ್ ಕೆಲಸ ನಿಲ್ಲಿಸುತ್ತಿರಲಿಲ್ಲ, ಕೆಲಸದ ಹುರುಪಿನಲ್ಲಿದ್ದಾರೆ ಎಂದುಕೊಂಡು ಹಗ್ಗ ಜಗ್ಗಿ ಎಚ್ಚರಿಸುತ್ತಿದ್ದೆ.

ಟಣ್ಣಪ್ಪ ಕಮಾನಿಗೆ ಬೆನ್ನು ಮಾಡಿ ನಿಂತ. “ಬಡೀರಿ. ಕಂಬದ ಮೂಲೆಯಲ್ಲಿ ನೀರಿಳಿಯೋ ಕೊಳವೆ ಹತ್ತಿರ ಪದರ ಸ್ವಲ್ಪ ನಿಜವಾಗಲೂ ಬಿಟ್ಟಿದೆ, ಕಣ್ಣಿಗೇ ಕಾಣುತ್ತೆ. ಅಲ್ಲೊಂದು, ಇಲ್ಲೊಂದು, ನಿಮಗೆ ಬೇಕಾದ ಹಾಗೆ ಹತ್ತು ಸಲ ಬಡೀರಿ. ಬಡಿದಾಗಲೆಲ್ಲ ಭುಜ ಮುಟ್ಟಿ. ಗಟ್ಟಿಯೋ ಪೊಳ್ಳೋ ನಾನು ಹೇಳ್ತೀನಿ.”

ಹತ್ತರಲ್ಲಿ ನಾಲ್ಕು ಸರಿಯಾಯಿತು. ಸುಮ್ಮನೆ ಬಾಯಿಗೆ ಬಂದದ್ದು ಹೇಳಿದ್ದರೂ ಐದು ಸರಿಯಾಗಬೇಕಿತ್ತು.

ಅವನು ಕಟ್ಟೆಯ ಮೇಲೆ ಕುಳಿತುಬಿಟ್ಟ. ಒಣ ನೆಲದ ನೀರವತೆಯಲ್ಲಿ, ಕೆನ್ನೆ ತಾಗಿಸಿ ಕೇಳಿದಾಗ ಹೇಗೋ ನಡೆದುಹೋಗಿದ್ದ ಕಿವಿ, ನದಿಯ ಭೋರ್ಗರೆತದ ನಡುವೆ ಸಿಕ್ಕಿಬಿದ್ದಿತ್ತು. ಯಾವಾಗಿನಿಂದ ಹೀಗೆ? ಒಂದು ವರ್ಷವೋ, ಎರಡೋ, ಮೂರೋ? ಮನೆಯಲ್ಲಿ ಹೆಂಡತಿ ಇದ್ದಿದ್ದರೆ ಮೊದಲ ತಿಂಗಳಲ್ಲೇ ‘ಏನ್ರೀ, ಕಿವಿಯಲ್ಲಿ ಹತ್ತಿ ಇಟ್ಟುಕೊಂಡಿದ್ದೀರಾ’ ಎಂದು ಬೈಯುತ್ತಿದ್ದಳು. ಅವನನ್ನು ಬೈಯುವವರು ಯಾರೂ ಇರಲಿಲ್ಲ. ಅದಕ್ಕೇ ತಿಳಿಯಲಿಲ್ಲ.

ನಕ್ಷೆಯಕ್ಕ ಪಕ್ಕದಲ್ಲಿ ಕುಳಿತಳು. ಆಮೇಲೆ ಅವನ ಕಡೆ ಮುಖ ತಿರುಗಿಸಿ, ಒಂದೊಂದೇ ಮಾತನ್ನು ಬಿಡಿಸಿ ಕೇಳಿದಳು:

“ಹೋದ ವರ್ಷ ನಾನು ನಿಮಗೆ ನಮ್ಮಕ್ಕನ ವಿಷಯ ಹೇಳಿದ್ದೆ. ನೆನಪಿದೆಯಾ?”

“ಅಕ್ಕನ ಮನೆಗೆ ಹೋಗ್ತೀನಿ ಅಂದಿದ್ರಿ. ರಜೆಗೆ.”

“ನಮ್ಮಕ್ಕ ಹೋಗಿಬಿಟ್ಳು ಅಂದೆ ಸಾರ್. ಸತ್ತುಹೋದಳು ಅಂದೆ. ಎಂಟು ತಿಂಗಳು ಹಾಸಿಗೆಯಲ್ಲಿದ್ದಳು, ನಾನೇ ನೋಡಿಕೊಂಡೆ. ಕಚೇರಿಯಲ್ಲಿ ನಿಮ್ಮೊಬ್ಬರಿಗೇ ಹೇಳಿದ್ದು. ನೀವು ನಗುತ್ತಾ, ‘ಒಳ್ಳೇದಾಯ್ತು ಬಿಡಿ, ನಿಮಗೂ ಸ್ವಲ್ಪ ಆರಾಮ’ ಅಂದ್ರಿ.”

ಟಣ್ಣಪ್ಪನಿಗೆ ಈ ಮಾತು ಪೂರ್ತಿ ಕೇಳಿಸಿತು. ಬೇರೆ ಯಾವುದು ಕೇಳಿಸದಿದ್ದರೂ ಇದು ಕೇಳಿಸಿತು. ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡ.

“ಒಂದು ವರ್ಷ ನಿಮ್ಮನ್ನ ಶಪಿಸಿದ್ದೀನಿ,” ಎಂದಳು ಅವಳು. “ಕಲ್ಲುಮನಸ್ಸಿನವನು ಅಂತ. ನನಗೂ ಹೊಳೀಲಿಲ್ಲ ನೋಡಿ.”

ಮಾರನೇ ದಿನ ಕಿವಿಯ ಡಾಕ್ಟರರ ಬಳಿ ಹೋದ. ಗಾಜಿನ ಪೆಟ್ಟಿಗೆಯಂಥ ಕೋಣೆಯಲ್ಲಿ ಕೂರಿಸಿ, ಸದ್ದು ಕೇಳಿದಾಗಲೆಲ್ಲ ಗುಂಡಿ ಒತ್ತಿ ಎಂದರು. ಅವನು ಒತ್ತಲು ಕಾದು ಕುಳಿತೇ ಇದ್ದ. ಹೊರಬಂದಾಗ ಡಾಕ್ಟರಮ್ಮ ಒಂದು ಗೆರೆಚಿತ್ರ ತೋರಿಸಿದಳು. ಎಡಗಡೆ ಸಮವಾಗಿ ಹೋಗುತ್ತಿದ್ದ ಗೆರೆ ಬಲಗಡೆ ಬಾವಿಗೆ ಬಿದ್ದಂತೆ ಇಳಿದಿತ್ತು. “ಚೂಪು ಸದ್ದುಗಳೆಲ್ಲ ಹೋಗಿವೆ. ಇಷ್ಟು ದಿನ ಮನೆಯವರು ಹೇಗೆ ಸುಮ್ಮನಿದ್ದರು?” ಎಂದಳು. ಕಿವಿಗೆ ಹಾಕುವ ಯಂತ್ರ ಎಷ್ಟು ದಿನದಲ್ಲಿ ಬರುತ್ತದೆ ಎಂದು ಅವನು ಕೇಳಿದ.

ಅಲ್ಲಿಂದ ನೇರ ದೊಡ್ಡ ಸಾಹೇಬರ ಕೋಣೆಗೆ. ಬಾಗಿಲ ಬಳಿ ಎರಡು ನಿಮಿಷ ನಿಂತ. ಕಿವಿಯ ಮಾತು ಎತ್ತದೆ ಇದ್ದರೆ ಸಾಹೇಬರಿಗೆ ತಿಳಿಯುವುದಿಲ್ಲ, ಗೆರೆಗಳ ವಿಷಯವೊಂದನ್ನು ತಿದ್ದಿದರೆ ಸಾಕು ಎಂಬ ಯೋಚನೆ ಬಾರದೆ ಇರಲಿಲ್ಲ. ಇನ್ನೊಂದೇ ಒಂದು ವರ್ಷದ ನೌಕರಿ. ಆದರೂ ಒಳಗೆ ಹೋಗಿ, ವೈದ್ಯರ ಕಾಗದವನ್ನೂ ನೀಲಿ ಹಾಳೆಯನ್ನೂ ಮೇಜಿನ ಮೇಲಿಟ್ಟು, ಇದ್ದದ್ದು ಇದ್ದಂತೆ ಹೇಳಿದ.

ಸಾಹೇಬರ ಮುಖ ಕೆಂಪಾಯಿತು. “ನಿಮ್ಮ ಮಾತು ವೇದವಾಕ್ಯ ಅಂತ ಮೇಲೆ ಕಳಿಸಿದ್ದೀನಲ್ರೀ! ಈಗ ಅವರಿಗೆ ಏನು ಹೇಳಲಿ? ನಮ್ಮ ಪರೀಕ್ಷಕರಿಗೆ ಕಿವಿ ಕೇಳಲ್ಲ ಅಂತಲಾ?”

“ಹೌದು ಸಾರ್. ಹಾಗೇ ಹೇಳಿ.”

ಸಾಹೇಬರು ಕುರ್ಚಿಗೆ ಒರಗಿದರು. ದನಿ ಇಳಿಯಿತು, ಇವನು ಅವರ ತುಟಿ ನೋಡಿ ಊಹಿಸಬೇಕಾಯಿತು. “ಹಾಗಾದ್ರೆ ನೀವು ಇದಕ್ಕೆ ಮುಂಚೆ ಗಟ್ಟಿ ಅಂದ ಸೇತುವೆಗಳ ಗತಿ?”

ಆ ಪ್ರಶ್ನೆ ಅವನನ್ನು ಹಿಂದಿನ ದಿನದಿಂದಲೇ ತಿನ್ನುತ್ತಿತ್ತು. ಜೇಬಿನಿಂದ ಪಟ್ಟಿ ತೆಗೆದ. ಮೂರು ವರ್ಷದಲ್ಲಿ ಬಡಿದು ನೋಡಿದ ಹನ್ನೊಂದು ಸೇತುವೆಗಳು. “ಎಲ್ಲಾ ಮತ್ತೆ ನೋಡಿಸಬೇಕು ಸಾರ್.”

ನೋಡಿಸಿದರು. ಹತ್ತು ಸರಿಯಾಗಿದ್ದವು. ಹನ್ನೊಂದನೆಯದು ನಿಲ್ದಾಣವೊಂದರ ಕಾಲುಸೇತುವೆ. ಅವನು ಗಟ್ಟಿ ಎಂದು ಬರೆದಿದ್ದ ಚಾವಣಿಯಲ್ಲಿ ಅಂಗೈಯಗಲದ ಪದರವೊಂದು ಬಿಟ್ಟುಕೊಂಡಿತ್ತು. ಅದರ ಕೆಳಗೆ ದಿನಕ್ಕೆ ಸಾವಿರಾರು ಜನ ಓಡಾಡುತ್ತಿದ್ದರು. ಯಾರ ತಲೆಯ ಮೇಲೂ ಬೀಳುವ ಮುನ್ನ ತೆಗೆದು ಸರಿಮಾಡಿದರು. ಯಾರೂ ಅವನನ್ನು ಅದಕ್ಕಾಗಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಅವನಿಗೆ ಅನ್ನಿಸಿತು.

ಐದು ಕಮಾನಿನ ಸೇತುವೆಗೆ ಯಂತ್ರದವರು ಬಂದರು. ಮೂರನೇ ಕಮಾನಿನಿಂದ ಬಳೆಯಗಲದ ಉದ್ದನೆಯ ತುಂಡುಗಳನ್ನು ಕೊರೆದು ತೆಗೆದು, ಪ್ರಯೋಗಾಲಯದಲ್ಲಿಟ್ಟು ಒತ್ತಿದರು. ಕಟ್ಟಿದವನು ಕಾಗದದಲ್ಲಿ ಬರೆದಿದ್ದಕ್ಕಿಂತ ಒಂದೂವರೆ ಪಟ್ಟು ಹೆಚ್ಚು ಗಟ್ಟಿ. ವಯಸ್ಸಾದಂತೆ ಕಾಂಕ್ರೀಟು ಬಲಿತಿತ್ತು. ಬಿಳಿಯ ಒಸರಿಗೆ ಕಾರಣ, ಹಳಿಯ ಕೆಳಗಿನ ಜಲ್ಲಿ ಪುಡಿಯಾಗಿ ನೀರಿಳಿಯುವ ಕೊಳವೆಗಳು ಕಟ್ಟಿಕೊಂಡದ್ದು. ಬಿಡಿಸಿದರು, ಒಸರು ನಿಂತಿತು. ಕೆಡವುವ ಮಾತು ಬಿದ್ದುಹೋಯಿತು. ಇಂಥ ತುಂಡುಕಟ್ಟಿನ ಕಮಾನು ಈ ಮಾರ್ಗದಲ್ಲೇ ಮೊದಲನೆಯದೆಂದು ಗೊತ್ತಾಗಿ, ಕಾಪಾಡಿಕೊಳ್ಳಬೇಕಾದ ಕಟ್ಟಡಗಳ ಪಟ್ಟಿಗೆ ಅದನ್ನು ಸೇರಿಸಿದರು. ರೈಲುಗಳು ಅದರ ಮೇಲೆ ವೇಗ ತಗ್ಗಿಸಿ ಹೋಗಬೇಕೆಂದಾಯಿತು.

ಟಣ್ಣಪ್ಪನನ್ನು ಹೊರಗಿನ ಕೆಲಸದಿಂದ ತೆಗೆದರು. ಸುತ್ತಿಗೆ ಇನ್ನೊಬ್ಬ ಪರೀಕ್ಷಕಿಯ ಕೈಗೆ ಹೋಯಿತು. ಇವನಿಗೆ ಸೇತುವೆಯ ಚರಿತ್ರೆ ಬರೆಯುವ ಕೆಲಸ ಕೊಟ್ಟು ನೆಲಮಾಳಿಗೆಗೆ ಕಳಿಸಿದರು. ಮೂರು ತಿಂಗಳು ಅವನೂ ನಕ್ಷೆಯಕ್ಕನೂ ಒಂದೇ ಮೇಜಿನ ಎರಡು ಬದಿಯಲ್ಲಿ ಕುಳಿತು ಇನ್ನೂರು ಹಾಳೆ ಬಿಡಿಸಿದರು. ಅವನ ಎರಡೂ ಕಿವಿಗೆ ಯಂತ್ರ ಬಂದಿತ್ತು. ಮೊದಮೊದಲು ಕಾಗದ ಮಡಚಿದರೆ ಮರ ಮುರಿದಷ್ಟು ಸದ್ದು. ಅವಳು ಮತ್ತೆ ಮಾತಾಡುತ್ತಿದ್ದಳು, ಆದರೆ ಮುಂಚಿನಂತೆ ಹೊಳೆ ಹರಿದಂತೆ ಅಲ್ಲ, ನಡುನಡುವೆ ನಿಲ್ಲಿಸಿ, “ಕೇಳಿಸ್ತಾ?” ಎನ್ನುತ್ತಿದ್ದಳು. ಒಂದು ಮಧ್ಯಾಹ್ನ ಅವನಾಗಿಯೇ, “ನಿಮ್ಮಕ್ಕನ ಬಗ್ಗೆ ಹೇಳಿ” ಎಂದ. ಅವಳು ಡಬ್ಬಿ ಮುಚ್ಚಿಟ್ಟು ಹೇಳಿದಳು. ಅಕ್ಕನ ಕೋಪ, ಅಕ್ಕನ ಹಾಡು, ಕೊನೆಯ ಎಂಟು ತಿಂಗಳು. ಅವನು ಒಂದು ಮಾತೂ ತಪ್ಪದಂತೆ ಕೇಳಿದ. ಒಳ್ಳೆಯದಾಯಿತು ಎನ್ನಲಿಲ್ಲ, ಕೆಟ್ಟದಾಯಿತು ಎನ್ನಲೂ ಇಲ್ಲ.

ಮನೆಯಲ್ಲಿ ಬೇರೆಯೇ ಕಥೆ. ಯಂತ್ರ ಹಾಕಿಕೊಂಡು ಮೊದಲ ಸಂಜೆ ಬೀಗ ತೆಗೆದಾಗ ಮನೆಯ ಸದ್ದುಗಳೆಲ್ಲ ಒಟ್ಟಿಗೆ ಎದುರಾದವು: ನಲ್ಲಿಯ ತೊಟ್ಟು, ಫ್ರಿಜ್ಜಿನ ಗುರುಗುರು, ಪಕ್ಕದ ಮನೆಯವರ ನಗು. ಇಷ್ಟು ದಿನ ಈ ಮನೆ ಮೌನವಾಗಿದೆ ಎಂದುಕೊಂಡಿದ್ದ. ಮೌನ ಇವನ ಕಿವಿಯಲ್ಲಿತ್ತು; ಮನೆಯಲ್ಲಿ ಸದ್ದಿತ್ತು, ಮನುಷ್ಯರ ಸದ್ದೊಂದು ಬಿಟ್ಟು. ಯಾವುದು ವಾಸಿ ಎಂದು ಅವನಿಗೆ ಹೇಳಲಾಗಲಿಲ್ಲ. ನಲ್ಲಿಗೆ ಹೊಸ ವಾಷರ್ ಹಾಕಿದ.

ಚರಿತ್ರೆ ಮುಗಿಯುವ ಹೊತ್ತಿಗೆ ನಕ್ಷೆಯಕ್ಕನ ನಿವೃತ್ತಿ ಬಂತು. ಅಕ್ಕನ ಮಗಳ ಊರಿಗೆ, ಎಂಟು ಗಂಟೆ ಪ್ರಯಾಣದ ದೂರಕ್ಕೆ ಹೊರಟಳು. ಕೋಣೆಯ ಬೀಗದ ಕೈ ಅವನಿಗೆ ಕೊಡುತ್ತಾ, “ಸೀಲಿಂಗ್ ಹತ್ತಿರದ ಗೂಡಿಗೆ ಗೆದ್ದಲು ಬರುತ್ತೆ, ತಿಂಗಳಿಗೊಮ್ಮೆ ನೋಡ್ತಿರಿ” ಎಂದಳು. ಅವನು ಇನ್ನೇನೋ ಹೇಳಬೇಕೆಂದಿದ್ದ. “ಆಗಲಿ” ಎಂದ.

ಸೇತುವೆಯ ಬಳಿ ಅದರ ಚರಿತ್ರೆಯ ಫಲಕ ನಿಲ್ಲಿಸಿದ ದಿನ ಅವನು ರಜೆ ಹಾಕಿ ಹೋದ. ನಾಲ್ಕೈದು ಅಧಿಕಾರಿಗಳು ಬಂದು, ಚಿತ್ರ ತೆಗೆಸಿಕೊಂಡು, ಕಾರು ಹತ್ತಿದರು. ಅವನು ಉಳಿದ. ನದಿಗೆ ಇಳಿಯುವ ದಾರಿಯಲ್ಲಿ ಒಬ್ಬ ವಯಸ್ಸಾದ ಹೆಂಗಸು ಒಗೆಯುವ ಬಟ್ಟೆಯ ಗಂಟು ಹೊತ್ತು ಬಂದಳು. ಫಲಕದ ಮುಂದೆ ನಿಂತು ಕಣ್ಣು ಕಿರಿದು ಮಾಡಿದಳು.

“ಏನಪ್ಪಾ ಬರೆದಿದ್ದಾರೆ? ಕನ್ನಡಕ ಮನೇಲಿ ಬಿಟ್ಟು ಬಂದಿದ್ದೀನಿ.”

ಅವನು ಓದಿ ಹೇಳಿದ. ಒಂಬತ್ತು ತುಂಡುಗಳ ವಿಷಯ, ಈ ಕಡೆ ಒಂದು ಆ ಕಡೆ ಒಂದು ಸುರಿದ ವಿಷಯ, ರೈಲಿನ ಭಾರ ಬಾಗಿನಲ್ಲಿ ಇಳಿದು ಹೋಗುವ ವಿಷಯ. ಅವಳು ಗಂಟನ್ನು ಕೆಳಗಿಳಿಸದೆ ಪೂರ್ತಿ ಕೇಳಿಸಿಕೊಂಡಳು.

“ಅಷ್ಟೆಲ್ಲಾ ಮಾಡಿದ್ರಾ?” ಎಂದಳು. “ನಾನು ಹುಟ್ಟಿದಾಗಿನಿಂದ ಇದರ ಕೆಳಗೇ ಒಗೀತಿದ್ದೀನಿ. ಒಂದು ದಿನ ತಲೆ ಎತ್ತಿ ನೋಡಿಲ್ಲ.” ಒಮ್ಮೆ ತಲೆ ಎತ್ತಿ ನೋಡಿ, ನೀರಿನ ಕಡೆ ಇಳಿದುಹೋದಳು.

ಸೇತುವೆಯ ಮೇಲೆ ಮುಂದಿನ ರೈಲು ಹೋಗುವ ಸದ್ದು ಕೇಳಲು ಇನ್ನೂ ಒಂದು ಗಂಟೆ ಇತ್ತು. ಅವನು ಸ್ವಲ್ಪ ಹೊತ್ತು ನಿಂತಿದ್ದು, ಬಸ್ಸಿನ ನಿಲ್ದಾಣದ ಕಡೆ ನಡೆದ.